ಖಾಲಿಯೆಂದು ತೊಳೆದ ಶೀಶೆಯ ಬಗ್ಗೆ

ಇಂದ,
ಗಾಜುಸಾಮಾನು ತೊಳೆಯುವವನು,
ಚಯಾಪಚಯ ಸಂಶೋಧನಾ ವಿಭಾಗ,
ನೆಲಮಹಡಿ, ಸಿಂಕಿನ ಪಕ್ಕ.

ಗೆ,
ಮಾನ್ಯ ನಿರ್ದೇಶಕರು,
ಮೂರನೇ ಮಹಡಿ.

ವಿಷಯ: ಅರ್ಜಿದಾರನನ್ನು ಸಿಬ್ಬಂದಿ ಪಟ್ಟಿಯಿಂದ ತೆಗೆದು ಸಹಕಿಣ್ವಗಳ ದಾಸ್ತಾನಿಗೆ ಸೇರಿಸುವ ಕುರಿತು.

ಉಲ್ಲೇಖ: ೧) ಕೆಲಸದಿಂದ ಏಕೆ ತೆಗೆಯಬಾರದೆಂದು ಕೇಳಿದ ತಮ್ಮ ನೋಟಿಸು.
೨) ಅದನ್ನೋದಿದ ಅರ್ಜಿದಾರನ ಹೆಂಡತಿಯ ಮೌಖಿಕ ಟಿಪ್ಪಣಿ.

ಮಾನ್ಯರೇ,

೧. ಎರಡು ವಾರದ ಹಿಂದಿನ ಮಂಗಳವಾರ ಮೇಜಿನ ಮೇಲೆ ‘ಸಹಕಿಣ್ವ-ಎ’ (ಕೋಎನ್ಜೈಮ್, ಅಂದರೆ ಕಿಣ್ವಕ್ಕೆ ಕೈಯಾಳು) ಶೀಶೆಯೊಂದಿತ್ತು. ಒಳಗಿದ್ದ ಐದು ಮಿಲಿಗ್ರಾಂ ಪುಡಿ ಗಾಜಿಗೆ ತೆಳ್ಳಗೆ ಅಂಟಿಕೊಂಡಿತ್ತಂತೆ. ಅರ್ಜಿದಾರನ ಕಣ್ಣಿಗೆ ಶೀಶೆ ಖಾಲಿ. ಖಾಲಿ ಶೀಶೆ ತೊಳೆಯುವುದು ಅವನ ಕೆಲಸ. ಕಾರಣ, ತೊಳೆದನು. ಅರೆಮನಸ್ಸಿನ ಕೆಲಸ ಅವನಿಗಾಗದ ಕಾರಣ, ಮೂರು ಸಲ ತೊಳೆದನು.

೨. ಸಂಶೋಧಕಿ ಮೇಡಂ ತಲೆಮೇಲೆ ಕೈಹೊತ್ತು ಕೂತರು. “ಬೆಳಕಿಗೆ ಹಿಡಿದು ನೋಡಿದ್ರೆ ಕಾಣ್ತಿತ್ತಲ್ಲಣ್ಣ. ಇರೋದು ಚೂರೇ ಚೂರು, ಆದ್ರೆ ಅದಿಲ್ದೆ ಕಿಣ್ವ ಒಂದು ಹೆಜ್ಜೆ ಮುಂದೆ ಹೋಗಲ್ಲ. ಇಲ್ಲಿಂದ ಹೊರೆ ಹೊತ್ತು ಅಲ್ಲಿ ಇಳಿಸತ್ತೆ, ಬರಿಗೈಲಿ ವಾಪಸ್ ಬರತ್ತೆ, ಮತ್ತೆ ಹೊರತ್ತೆ. ಹೆಸರು ಮಾತ್ರ ಕಿಣ್ವದ್ದು,” ಎಂದರು. ಅರ್ಜಿದಾರನಿಗೆ ತನ್ನ ಇಪ್ಪತ್ತೆರಡು ವರ್ಷದ ಸೇವಾ ಪುಸ್ತಕವನ್ನೇ ಯಾರೋ ಓದಿ ಹೇಳಿದಂತಾಗಿ ಕಣ್ಣು ತುಂಬಿತು.

೩. ಶೀಶೆ ಹೋದ್ದರಿಂದ ಪ್ರಯೋಗ ಎಂಟು ದಿನ ನಿಂತಿತು. ಹೋದ ವರ್ಷ ಅರ್ಜಿದಾರ ಜ್ವರ ಹಿಡಿದು ಮಲಗಿದಾಗಲೂ ಎಂಟೇ ದಿನ ನಿಂತಿತ್ತು. ಆಗ ಯಾರೂ ತಲೆಮೇಲೆ ಕೈಹೊತ್ತು ಕೂರಲಿಲ್ಲ.

೪. ಈಗ ತೊಳೆಯುವ ಯಂತ್ರ ಬಂದಿದೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ಅರ್ಜಿದಾರನಿಗೆ ನಿಜವಾಗಿಯೂ ಭಯವಾಗಿದೆ. ಹೆಂಡತಿಯ ಟಿಪ್ಪಣಿ ಇಂತಿದೆ: “ತೊಳೆದಿದ್ದಕ್ಕೆ ಕೆಲಸದಿಂದ ತೆಗೀತಾರಾ? ಮನೇಲಿ ಒಂದು ಲೋಟ ತೊಳೆದವರಲ್ಲ ನೀವು, ಅಲ್ಲೇನು ಬಂದಿತ್ತು ಅಷ್ಟೊಂದು ಉತ್ಸಾಹ?” ಅಂದಿನಿಂದ ಮನೆಯ ಲೋಟಗಳನ್ನೂ ಅರ್ಜಿದಾರನೇ ತೊಳೆಯುತ್ತಿದ್ದಾನೆ.

೫. ಸಿಬ್ಬಂದಿಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ದಾಸ್ತಾನನ್ನು ಮಾತ್ರ ಮುಗಿಯುವವರೆಗೆ ಬಳಸಲೇಬೇಕೆಂದು ತಮ್ಮದೇ ಸುತ್ತೋಲೆಯಿದೆ. ಆದ್ದರಿಂದ ಅರ್ಜಿದಾರನನ್ನು ಸಹಕಿಣ್ವವೆಂದು ನಮೂದಿಸಿ, ಶೀಶೆಯ ಜೊತೆ ಬಂದ ಸೂಚನೆಗಳನ್ನು ಅವನಿಗೂ ಅನ್ವಯಿಸತಕ್ಕದ್ದು. ತಂಪಿನಲ್ಲಿಡುವುದು (ಮೈನಸ್ ಇಪ್ಪತ್ತು ಬೇಡ, ಫ್ಯಾನು ಸಾಕು). ಪದೇಪದೇ ಹೆಪ್ಪುಗಟ್ಟಿಸಿ ಕರಗಿಸದಿರುವುದು. ಬೆಳಿಗ್ಗೆ ಗದರಿ ಮಧ್ಯಾಹ್ನ ನಗುನಗುತ್ತ ಕರೆಯುವುದೂ ಇದರಲ್ಲಿ ಸೇರಿದೆ.

ಇನ್ನೂ ಒದ್ದೆ ಕೈಯಲ್ಲಿರುವ,
ತಮ್ಮ ವಿಶ್ವಾಸಿ,
(ಸಹಿ, ಸ್ವಲ್ಪ ನೀರು ತಾಗಿದೆ)

ಲಗತ್ತು:
೧) ಸದರಿ ಶೀಶೆ, ಶುಭ್ರವಾದದ್ದು, ಒಂದು.
೨) ಅರ್ಜಿದಾರ, ಬಾಗಿಲಾಚೆ ಬೆಂಚಿನ ಮೇಲೆ ಕೂತಿರುತ್ತಾನೆ.

ಲಗತ್ತು ೨ ಅನ್ನು ಖಾಲಿಯೆಂದು ಹೊರಹಾಕುವ ಮುನ್ನ, ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕಾಗಿ ಕೋರಿಕೆ.