ಶಾವಿಗೆ ಗಾಡಿಗೆ ದೀಪ ಹಾಕಿದ್ದು

ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು ಒಂದು ರೋಗ. ರೋಣದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಅದು ಎಲುಬಿಗೇ ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಗದಗಿನ ಬಸ್ಸು ಯಾವಾಗ ಐತ್ರಿ?’ ಎಂದರೆ ಸಾಕು, ಗಡಿಯಾರ ನೋಡಿ ‘ಈಗ ಬರ್ತೈತ್ರಿ’ ಎಂದುಬಿಡುತ್ತೇನೆ. ಒಮ್ಮೆ ಹಾಗೆ ಹೇಳಿದ ಮೇಲೆ ಆ ಬಸ್ಸು ಹೋಗಿ ಹತ್ತು ನಿಮಿಷವಾಗಿದೆ ಎಂದು ತಿಳಿಯಿತು. ಕೇಳಿದ ಅಜ್ಜಿ ನನ್ನ ಮಾತು ನಂಬಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ನಾನು ಇನ್ನೊಂದು ದಾರಿ ಹಿಡಿದು ಮನೆಗೆ ಹೋದೆ. ಈಗ ಹೇಳಹೊರಟಿರುವುದು ಇದೇ ರೋಗದಿಂದ ಒಬ್ಬ ಮನುಷ್ಯನ ಕೈಮುರಿದ ಸಂಗತಿ. ಅದನ್ನು ನೆನೆದರೆ ಇವತ್ತಿಗೂ ಸುಸ್ತಾಗುತ್ತದೆ.

ನನ್ನ ಹೆಂಡತಿ ಗಿರಿಜಾಳ ಹತ್ತಿರ ಒಂದು ಶಾವಿಗೆ ಮಷೀನಿದೆ. ಬೇಸಿಗೆ ಬಂತೆಂದರೆ ಅವಳು ಮನೆಯಲ್ಲಿ ನಿಲ್ಲುವುದಿಲ್ಲ. ಊರೂರಿಗೆ ಹೋಗಿ, ಯಾರದಾದರೂ ಅಂಗಳದಲ್ಲಿ ಮಷೀನು ನಿಲ್ಲಿಸಿ, ಓಣಿಯ ಹೆಣ್ಣುಮಕ್ಕಳು ನಾದಿ ತಂದ ಹಿಟ್ಟನ್ನೆಲ್ಲ ಸಂಜೆಯೊಳಗೆ ಎಳೆ ಎಳೆಯಾಗಿ ಶಾವಿಗೆ ಮಾಡಿಕೊಟ್ಟು ಬರುತ್ತಾಳೆ. ಮಷೀನು ಕೂತಿರುವುದು ಎರಡು ಗಾಲಿಯ ಸಣ್ಣ ಟ್ರೇಲರಿನ ಮೇಲೆ. ಅದನ್ನು ಎಳೆಯುತ್ತಿದ್ದುದು ಹಳೆಯ ಜೀಪು. ಬೇಸಿಗೆ ರಜೆಯಲ್ಲಿ ಅದರ ಡ್ರೈವರು ನಾನು. ವರ್ಷವಿಡೀ ನಾನು ಮಾತಾಡುತ್ತೇನೆ, ರಜೆಯಲ್ಲಿ ಅವಳು ಮಾತಾಡುತ್ತಾಳೆ, ನಾನು ಗಾಡಿ ಹೊಡೆಯುತ್ತೇನೆ. ನಮ್ಮ ಸಂಸಾರ ಈ ಒಪ್ಪಂದದ ಮೇಲೆಯೇ ಚಲೋ ನಡೆದಿತ್ತು.

ಹೋದ ವರ್ಷ ಜೀಪು ಕೈಕೊಟ್ಟಿತು. ಅದೇ ಹೊತ್ತಿಗೆ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯ ಅಳತೆಗೆಂದು ಬಂದಿದ್ದ ಯಾವುದೋ ಕಂಪನಿಯವರು ಊರು ಬಿಡುವಾಗ ತಮ್ಮ ವ್ಯಾನು ಮಾರಲಿಟ್ಟಿದ್ದರು. ಜಪಾನಿನಿಂದ ಬಂದ ವ್ಯಾನು. ಒಳಗೆ ಕೂತರೆ ದವಾಖಾನೆಯಲ್ಲಿ ಕೂತಷ್ಟು ತಂಪು, ಸ್ವಚ್ಛ. ಎಲ್ಲಕ್ಕಿಂತ ದೊಡ್ಡ ವಿಶೇಷವೆಂದರೆ ಅದು ಮಾತಾಡುತ್ತಿತ್ತು. ಕೀಲಿ ತಿರುವಿದೊಡನೆ ಒಳಗಿನಿಂದ ಒಬ್ಬ ಹೆಣ್ಣುಮಗಳು ಕೈಮುಗಿದು ನಿಂತವಳ ಹಾಗೆ ಮೆಲುದನಿಯಲ್ಲಿ ಏನೋ ಹೇಳುತ್ತಿದ್ದಳು. ಜಪಾನಿ ಭಾಷೆ.

‘ಏನ್ ಅಂತಾಳ್ರಿ ಆಕಿ?’ ಎಂದು ಗಿರಿಜಾ ಕೇಳಿದಳು.

‘ನಮಸ್ಕಾರ ಅಂತಾಳ’ ಎಂದೆ. ನನಗೇನು ಗೊತ್ತು? ಆದರೆ ಕೇಳಿದ್ದಳಲ್ಲ!

ವ್ಯಾನು ಬಂತು, ಟ್ರೇಲರು ಎಳೆಯಲು ಕೊಂಡಿ ಹಾಕಿಸಿದ್ದೂ ಆಯಿತು. ಉಳಿದದ್ದು ಟ್ರೇಲರಿನ ಹಿಂದಿನ ದೀಪಗಳು. ವ್ಯಾನಿನ ಬ್ರೇಕು ಒತ್ತಿದಾಗ ಅಲ್ಲಿ ಕೆಂಪು ಹತ್ತಬೇಕು, ತಿರುಗುವಾಗ ಆ ಕಡೆಯ ಹಳದಿ ಮಿನುಗಬೇಕು. ‘ಯಾರರೆ ಮಿಸ್ತ್ರಿಗೆ ತೋರಸೂಣ್ರಿ’ ಎಂದಳು ಗಿರಿಜಾ. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವನ ಮನೆಯಲ್ಲಿ ಈ ಮಾತೇ? ನಾನು ಕತ್ತರಿ, ಟೇಪು, ಟೆಸ್ಟರು ಹಿಡಿದು ಅಂಗಳದ ಬಿಸಿಲಿನಲ್ಲಿ ಮಲಗಿದೆ. ವ್ಯಾನಿನ ಹಿಂದಿನ ದೀಪದ ವೈರು ಹೆರೆದು, ಅದಕ್ಕೆ ಟ್ರೇಲರಿನ ವೈರು ಸುತ್ತಿ, ಟೇಪು ಹಚ್ಚಿ, ಎದ್ದು ಸ್ವಿಚ್ಚು ಹಾಕಿದೆ. ಟ್ರೇಲರಿನ ದೀಪಗಳು ಒಂದು ಕ್ಷಣ ಹತ್ತಿದವು. ಮರುಕ್ಷಣ ವ್ಯಾನಿನವೂ ಸೇರಿ ಹಿಂದಿನ ದೀಪಗಳೆಲ್ಲ ಆರಿಹೋದವು. ಒಳಗಿನವಳು ಏನೋ ಹೇಳಿದಳು. ಈ ಸಲ ಸ್ವಲ್ಪ ಉದ್ದ ಮಾತು.

ವೈರು ಬಿಚ್ಚಿದರೆ ವ್ಯಾನಿನ ದೀಪ ಸರಿ, ಜೋಡಿಸಿದರೆ ಎಲ್ಲವೂ ಕತ್ತಲೆ. ಮೂರು ದಿನ ಹೀಗೆಯೇ ಕಳೆಯಿತು. ಓಣಿಯ ಜನ ಬಂದು ನಿಂತು ನೋಡಿ, ‘ಹತ್ತವಲ್ದೇನ್ರಿ ಸರ?’ ಎಂದು ಕೇಳಿ ಹೋಗುತ್ತಿದ್ದರು. ಬೆನ್ನು ಹಿಡಿದುಕೊಂಡಿತು. ಕನಸಿನಲ್ಲೂ ಆ ಜಪಾನಿನ ಹೆಣ್ಣುಮಗಳು ಬಂದು, ನನ್ನ ಕಲ್ಪನೆಯೋ ಏನೋ, ‘ಸಾಕು ಮಾಡ್ರಿ ಸರ’ ಅನ್ನುತ್ತಿದ್ದಳು. ನಾಲ್ಕನೆಯ ದಿನ ನನಗೆ ಒಂದು ಉಪಾಯ ಹೊಳೆಯಿತು. ಟ್ರೇಲರಿಗೆ ತೀರ ಸಣ್ಣ ಬಲ್ಬುಗಳನ್ನು ಹಾಕಿದೆ. ಕೆಂಪು ದೀಪ ಮಂದವಾಗಿ ಹತ್ತಿತು, ಆರಲಿಲ್ಲ. ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಹಳದಿ ಮಿನುಗಿತು. ಬ್ರೇಕು ಮತ್ತು ಹಳದಿ ಎರಡನ್ನೂ ಕೂಡಿಸಿ ಒತ್ತಿ ನೋಡಬೇಕೆಂದು ಮನಸ್ಸಿಗೆ ಬಂತು. ಖರೇ ಹೇಳಬೇಕೆಂದರೆ, ಹೆದರಿಕೆಯಾಯಿತು. ಒತ್ತದೆ ಇಳಿದೆ.

‘ಎಲ್ಲಾ ಆತೇನ್ರಿ?’

‘ಎಲ್ಲಾ ಆತು’ ಎಂದೆ.

ಮರುದಿನ ಗಜೇಂದ್ರಗಡದ ಹತ್ತಿರದ ಹಳ್ಳಿಯೊಂದರಲ್ಲಿ ಶಾವಿಗೆ ಕೆಲಸವಿತ್ತು. ಅದನ್ನು ಮುಗಿಸಿ ಹೊತ್ತು ಮುಳುಗುವಾಗ ಹೊರಟೆವು. ದಾರಿಯಲ್ಲಿ ಬ್ರೇಕು ಒತ್ತಿದಾಗಲೆಲ್ಲ ಒಳಗಿನವಳು ಮಾತಾಡತೊಡಗಿದಳು. ಮೊದಲು ಒಂದು ಸಲ, ಆಮೇಲೆ ಬಿಡದೆ.

‘ಏನ್ ಅಂತಾಳ್ರಿ?’

‘ಲೈಟ್ ಎಲ್ಲಾ ಚಲೋ ಅದಾವ ಅಂತಾಳ.’

‘ಅಷ್ಟ್ ಸಲ ಯಾಕ ಹೇಳ್ತಾಳ?’

‘ಜಪಾನಿ ಮಂದಿ ಭಾಳ ಮರ್ಯಾದಿ ಇರ್ತಾರ’ ಎಂದೆ.

ಇನ್ನೊಬ್ಬರ ಮನೆಗೆ ಮಷೀನಿನ ಜಾಲರಿಯೊಂದನ್ನು ಕೊಡುವುದಿತ್ತು. ಅದಕ್ಕೆ ಬಲಕ್ಕಿರುವ ಅಡ್ಡದಾರಿಗೆ ತಿರುಗಬೇಕು. ಬ್ರೇಕು ಒತ್ತಿ, ಬಲಗಡೆಯ ಹಳದಿ ಹಾಕಿ, ತಿರುವಿದೆ. ಹಿಂದೆ ಧಡ್ ಎಂಬ ಸದ್ದಾಯಿತು. ಇಳಿದು ಓಡಿದರೆ, ಟ್ರೇಲರಿನ ಮೂಲೆಗೆ ಒಂದು ಬೈಕು ಬಡಿದು ಬಿದ್ದಿದೆ. ಬೈಕಿನ ಮನುಷ್ಯ ರಸ್ತೆಯ ಬದಿಯ ಮಣ್ಣಿನಲ್ಲಿ ಎಡಗೈ ಹಿಡಿದುಕೊಂಡು ಕೂತಿದ್ದ. ಟ್ರೇಲರಿನಲ್ಲಿ ಒಂದು ದೀಪವೂ ಹತ್ತಿರಲಿಲ್ಲ. ವ್ಯಾನಿನ ಹಿಂದಿನವೂ ಆರಿದ್ದವು.

ಅವನ ಹೆಸರು ದಾದಾಪೀರ. ಗಜೇಂದ್ರಗಡದ ನೇಕಾರ. ನಾವು ಅವನನ್ನು ವ್ಯಾನಿನಲ್ಲೇ ದವಾಖಾನೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಆ ಹೆಣ್ಣುದನಿ ಹೇಳಿದ್ದನ್ನೇ ಹೇಳುತ್ತಿತ್ತು. ಗಿರಿಜಾ ನನ್ನ ಕಡೆ ತಿರುಗದೆ ಕೇಳಿದಳು, ‘ಆಕಿ ಏನ್ ಅಂತಿದ್ಲು? ಖರೇ ಹೇಳ್ರಿ.’

‘ಗೊತ್ತಿಲ್ಲ’ ಎಂದೆ. ಆ ಶಬ್ದ ಬಾಯಿಂದ ಬರಲು ಒಬ್ಬನ ಮಣಿಕಟ್ಟಿನ ಎಲುಬು ಬಿರಿಯಬೇಕಾಯಿತು.

ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಪಟ್ಟಿ ಹಾಕಿಸಿ ಮನೆಗೆ ಬಿಡಲು ಹೋದಾಗ ಅವನ ಹೆಂಡತಿ ಶಂಶಾದ್ ಬಾಗಿಲಿಗೆ ಬಂದಳು. ಗಂಡನ ಕೈ ನೋಡಿದಳು, ಒಳಗೆ ಮಗ್ಗದ ಕಡೆ ನೋಡಿದಳು. ಅರ್ಧ ನೇಯ್ದ ಸೀರೆ ಅದರ ಮೇಲಿತ್ತು. ‘ಲಗ್ನದ ಸೀರಿ ಅದು. ಇರ್ಲಿ, ನಾನ ಮಗ್ಗಕ್ಕ ಕುಂದರ್ತೀನಿ’ ಎಂದು ತನಗೆ ತಾನೇ ಹೇಳಿಕೊಂಡು, ನಮಗೆ ಚಹಾ ಇಡಲು ಹೋದಳು. ನಾನು ದಾದಾಪೀರನ ಎದುರು ಕೂತೆ. ‘ತಪ್ಪು ನಂದ್ರಿ. ಲೈಟ್ ಸರಿ ಇರ್ಲಿಲ್ಲ, ನನಗ ಸಂಶೇ ಇತ್ತು’ ಎಂದೆ.

ದಾದಾಪೀರ ಹೇಳಿದ, ‘ಆಗಿದ್ದಾತ್ರಿ ಸರ. ಬಸ್ ಸ್ಟ್ಯಾಂಡ್ ಹಂತ್ಯಾಕ ನಮ್ಮ ಮಾಮಾ ಅದಾರ, ಮಾಬೂಸಾಬ್ ಅಂತ. ಗಾಡಿ ವೈರಿಂಗ್ ಮಾಡ್ತಾರ. ನಾಳೆ ಅವ್ರಿಗೆ ತೋರಸ್ರಿ. ನನ್ನ ಹಿಂದ ಬರಾಂವಗರೆ ಲೈಟ್ ಕಾಣ್ಲಿ.’

ಮಾಬೂಸಾಬರು ಬಿಳಿಗಡ್ಡದ, ಮಾತು ಕಡಿಮೆಯ ಮನುಷ್ಯ. ವ್ಯಾನಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನನ್ನ ಟೇಪನ್ನು ಎರಡು ಬೆರಳಿನಿಂದ, ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಎತ್ತಿದರು.

‘ಯಾರ್ ಮಾಡ್ಯಾರ್ರಿ ಈ ಕೆಲಸ?’

‘ರೋಣದಾಗ ಯಾರೋ...’ ಎಂದು ನಾನು ಶುರುಮಾಡಿದೆ.

‘ಇವ್ರರೀ’ ಎಂದಳು ಗಿರಿಜಾ.

ಅವರು ನನ್ನನ್ನು ನೋಡಲಿಲ್ಲ, ಅದು ಅವರ ದೊಡ್ಡತನ. ವೈರಿನ ತುದಿ ತೋರಿಸಿ ಹೇಳಿದರು, ‘ನೋಡ್ರಿ ಸರ, ಈ ಗಾಡಿ ವೈರು ಭಾಳ ಸಣ್ಣ. ಒಳಗ ಒಂದು ಕಂಪ್ಯೂಟರ್ ಕುಂತೈತಿ. ತನ್ನ ಬಲ್ಬ್ ಎಷ್ಟು ಕರೆಂಟ್ ಕುಡಿತಾವ ಅಂತ ಅದಕ್ಕ ಗೊತ್ತು. ನೀವು ಹಿಂದ ಮತ್ತಷ್ಟು ಬಲ್ಬ್ ಜೋಡಿಸಿದ್ರ, ಮನಿಗೆ ಕಳ್ಳರು ಹೊಕ್ಕಾರ ಅಂತ ತಿಳ್ಕೊಂಡು ಬಾಗಲಾ ಹಾಕ್ಕೊಂತೈತಿ. ಅದರ ಕಡಿಂದ ದುಡಿಸಬಾರ್ದ್ರಿ, ಬರೇ ಹೇಳಿಸಬೇಕು. ದುಡ್ಯಾಕ ಬ್ಯಾಟ್ರಿಯಿಂದ ಬ್ಯಾರೆ ದಪ್ಪ ವೈರ್ ತರೂಣು. ನಡುವ ಒಂದೊಂದು ರಿಲೇ ಇಟ್ರ ಮುಗೀತು.’

ರಿಲೇ! ಸಣ್ಣ ಕರೆಂಟು ಬಂದು ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ, ಅದು ದೊಡ್ಡ ಕರೆಂಟಿನ ಬಾಗಿಲು ತೆಗೆಯುತ್ತದೆ. ಪ್ರತಿ ವರ್ಷ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಅದರ ಚಿತ್ರ ಬರೆಯುತ್ತೇನೆ. ಚಿತ್ರ ಚಂದ ಬರುತ್ತದೆ ಎಂದು ಶಾಲಾ ಇನ್‌ಸ್ಪೆಕ್ಟರು ಹೊಗಳಿದ್ದೂ ಉಂಟು. ‘ನಿಮಗ ಗೊತ್ತಿರ್ಬೇಕಲ್ರೀ ಇದು?’ ಎಂದು ಮಾಬೂಸಾಬರು ಕೇಳಿದರು. ಜೀವನದಲ್ಲಿ ಮೊದಲ ಸಲ, ಗೊತ್ತಿರುವುದಕ್ಕೆ ನಾಚಿಕೆಪಟ್ಟು ಸುಮ್ಮನೆ ನಿಂತೆ.

ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಬ್ರೇಕು, ಬಲ, ಎಡ, ಎಲ್ಲವನ್ನೂ ಕೂಡಿಸಿ ಒತ್ತಿಸಿದರು. ಎಲ್ಲ ದೀಪಗಳೂ ಝಗ್ಗೆಂದು ಹತ್ತಿದವು. ಒಳಗಿನವಳು ತುಟಿ ಬಿಚ್ಚಲಿಲ್ಲ.

ಅಲ್ಲಿಂದ ಆರೇಳು ಭಾನುವಾರ ನಾನು ದಾದಾಪೀರನ ಮನೆಗೆ ಹೋದೆ. ಶಂಶಾದ್ ನೇಯುತ್ತಿದ್ದಳು, ನಾನು ರಾಟೆ ತಿರುವಿ, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆ. ನಾನು ಸುತ್ತಿದ ಕಂಡಿಕೆಗಳನ್ನು ದಾದಾಪೀರ ಒಂದೇ ಕೈಯಿಂದ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ‘ಸರ ಬಂದ್ರ ನಮಗ ಕೆಲಸ ಹೆಚ್ಚಾಗ್ತೈತಿ’ ಎಂದು ಶಂಶಾದ್ ನಗುತ್ತಿದ್ದಳು. ಸೀರೆ ಲಗ್ನಕ್ಕೆ ಮುಟ್ಟಿತು. ಕೈ ಕೂಡಿತು. ಪಟ್ಟಿ ಬಿಚ್ಚಿದ ದಿನ ಅವನು ನನ್ನ ಕೈ ಹಿಡಿದು ಒತ್ತಿ ತೋರಿಸಿದ. ನೋವಾಯಿತು. ಸಂತೋಷವೂ ಆಯಿತು.

ಇಷ್ಟೆಲ್ಲ ಆದಮೇಲೆ ಮನುಷ್ಯ ಸುಧಾರಿಸಬೇಕು. ಮೊನ್ನೆ ನರಗುಂದಕ್ಕೆ ಹೋಗಿದ್ದೆವು. ಗುಡ್ಡದ ಕೆಳಗಿನ ಓಣಿಯಲ್ಲಿ ಗಿರಿಜಾ ಮಷೀನು ಹೂಡಿದ್ದಳು. ನಾನು ಟ್ರೇಲರಿನ ದೀಪ ಹಾಕಿ ಆರಿಸಿ ನೋಡುತ್ತಿದ್ದೆ. ಆ ಮನೆಯ ಗೌಡರು ಬಂದು ನಿಂತರು.

‘ಅಬಾಬಾ, ಭಾರಿ ಹತ್ತತಾವಲ್ರೀ! ಯಾರ್ ಮಾಡಿದ್ರಿ?’

‘ನಾನ ಮಾಡೀನ್ರಿ’ ಎಂದೆ. ಹೇಳಬೇಕೆಂದು ಹೇಳಲಿಲ್ಲ, ಬಾಯಿಂದ ಬಂತು.

‘ಹಂಗಾರ ಬರ್ರಿ, ನಮ್ಮ ಟ್ರ್ಯಾಕ್ಟರ್ ಟ್ರ್ಯಾಲಿ ಲೈಟ್ ಹೋಗಿ ವರ್ಷಾತು.’

ಗಿರಿಜಾ ಶಾವಿಗೆಯಿಂದ ತಲೆ ಎತ್ತದೆ, ‘ಹೋಗಿ ಮಾಡಿ ಬರ್ರಿ, ನಂದಿನ್ನಾ ತಡ ಐತಿ’ ಎಂದಳು.

ಒಂದು ತಾಸು ಟ್ರಾಲಿಯ ಕೆಳಗೆ ಮಲಗಿದ್ದೆ. ಎಲ್ಲ ವೈರುಗಳೂ ಒಂದೇ ಬಣ್ಣ, ಎಲ್ಲವನ್ನೂ ಇಲಿ ಕಡಿದಿತ್ತು. ಗೌಡರು ಎರಡು ಸಲ ಚಹಾ ಕಳಿಸಿದರು. ಕೊನೆಗೆ ಕೆಳಗಿನಿಂದಲೇ, ‘ಗೌಡ್ರ, ಗಜೇಂದ್ರಗಡದಾಗ ಮಾಬೂಸಾಬ್ ಅಂತ ಅದಾರ, ಅವ್ರನ್ನ ಒಂದ್ ಮಾತು ಕೇಳೂಣು’ ಎಂದು ನಂಬರು ಹೇಳಿದೆ. ಗೌಡರು ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

‘ರೋಣದಿಂದ ಒಬ್ರು ಮಿಸ್ತ್ರಿ ಬಂದಾರ್ರಿ. ಅವ್ರು ಶಾವಿಗಿ ಗಾಡಿ ಲೈಟ್ ಭಾಳ ಚಲೋ ಮಾಡ್ಯಾರ. ನಮ್ಮ ಟ್ರ್ಯಾಲಿದೊಂದ್ ತಿಳೀವಲ್ದಂತ.’

ಆ ಕಡೆ ಪಾನಾ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮಾಬೂಸಾಬರ ದನಿ ಬಂತು.

‘ಮೊದ್ಲ ಆ ಸರಗ ಕೈಯಾಗಿನ ವೈರ್ ಬಿಡಾಕ ಹೇಳ್ರಿ. ಆಮ್ಯಾಲ ಮಾತಾಡೂಣು.’

ಗೌಡರು ಬಾಗಿ ಟ್ರಾಲಿಯ ಕೆಳಗೆ ನನ್ನನ್ನು ನೋಡಿದರು. ನಾನು ವೈರು ಬಿಟ್ಟೆ.