ಮೇಲೇರಿದ ಚಕ್ರವರ್ತಿಯನ್ನು ಕೆಳಗಿಳಿಸಲು ಅಪ್ಪಣೆ ಕೋರಿ

ಇಂದ:
ಪರ್ದೋಸ್, ಸಿಂಹಾಸನದ ರಾಟೆ ತಿರುಗಿಸುವವನು,
ದರ್ಬಾರಿನ ನೆಲದಡಿ, ಅರಮನೆ, ಕಾನ್‌ಸ್ಟಾಂಟಿನೋಪಲ್.

ಗೆ:
ಈ ಅರ್ಜಿ ಕೈಸೇರುವ ಹೊತ್ತಿಗೆ ಯಾರು ಚಕ್ರವರ್ತಿಗಳಾಗಿರುತ್ತಾರೋ ಅವರ ಸನ್ನಿಧಾನಕ್ಕೆ.

ವಿಷಯ: ಸೂರಿನ ಬಳಿ ಉಳಿದುಹೋಗಿರುವ ಚಕ್ರವರ್ತಿ ಎವ್‌ಸ್ತಾಥಿಯೋಸರನ್ನು ಇಳಿಸುವ ಬಗ್ಗೆ.

ಉಲ್ಲೇಖ: ಮಂತ್ರಿಗಳು ಬಿಳಿ ವಸ್ತ್ರ ಬೀಸಿದ ಹೊರತು ಸಿಂಹಾಸನ ಇಳಿಸತಕ್ಕದ್ದಲ್ಲ ಎಂಬ ಅರಮನೆಯ ನಿಯಮ.

ಮಾನ್ಯ ಮಹಾಸ್ವಾಮಿ,

೧. ಇಂದು ಬೆಳಿಗ್ಗೆ ಬಲ್ಗರ್ ರಾಯಭಾರಿ ಪದ್ಧತಿಯಂತೆ ಮೂರು ಸಲ ಅಡ್ಡಬಿದ್ದನು. ಅವನು ಮುಖ ಎತ್ತುವಷ್ಟರಲ್ಲಿ ಅರ್ಜಿದಾರನು ರಾಟೆ ತಿರುಗಿಸಿ ಚಕ್ರವರ್ತಿಗಳನ್ನು ಸಿಂಹಾಸನದ ಸಮೇತ ಸೂರಿಗೆ ಮುಟ್ಟಿಸಿದ್ದನು. ತಿದಿಯೊತ್ತುವ ಝೋಟಿಕೋಸ್ ಗಾಳಿಯೂದಿ ಕಂಚಿನ ಸಿಂಹಗಳು ಗರ್ಜಿಸುವಂತೆ ಮಾಡಿದನು. ರಾಯಭಾರಿ ನಡುಗಿದನು. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ.

೨. ಅದೇ ಗಳಿಗೆಯಲ್ಲಿ ಹೊರಗೆ ಸೈನಿಕರು ಸೇನಾಪತಿ ನಿಕೇತಾಸರನ್ನು ಗುರಾಣಿಯ ಮೇಲೆ ಎತ್ತಿ ಚಕ್ರವರ್ತಿಯೆಂದು ಕೂಗಿದರು. ಹೀಗಾಗಿ ನಗರದಲ್ಲಿ ಇಬ್ಬರು ಚಕ್ರವರ್ತಿಗಳಿದ್ದೂ ನೆಲದ ಮೇಲೆ ಒಬ್ಬರೂ ಇರಲಿಲ್ಲ.

೩. ಸದ್ದು ಕೇಳಿ ದರ್ಬಾರಿನವರೆಲ್ಲ ಹೊಸಬರ ಕಣ್ಣಿಗೆ ಮೊದಲು ಬೀಳಲು ಓಡಿದರು. ಮಂತ್ರಿಗಳೂ ಹೋದರು, ಬಿಳಿ ವಸ್ತ್ರದ ಸಮೇತ. ರಾಯಭಾರಿ ತಾನು ತಂದ ಕಾಣಿಕೆಯನ್ನು ಮರೆಯದೆ ಎತ್ತಿಕೊಂಡು ಹೋದನು.

೪. ಆಮೇಲೆ ಮೇಲಿನಿಂದ, "ಯಾರಪ್ಪಾ ಕೆಳಗೆ? ಇಳಿಸಪ್ಪಾ, ನಿನ್ನ ದಮ್ಮಯ್ಯ! ತಲೆ ಸುತ್ತಾ ಇದೆ!" ಎಂದು ಕೇಳಿಬಂತು. ಎತ್ತರದಲ್ಲಿರುವಾಗ ಚಕ್ರವರ್ತಿಗಳು ಮಾತಾಡುವ ಪದ್ಧತಿಯಿಲ್ಲ. ಆದ್ದರಿಂದ ಅರ್ಜಿದಾರನು ಇದನ್ನು ಕೇಳಿಸಿಕೊಂಡಿಲ್ಲ. ನೆಲದ ಕಿಂಡಿಯಿಂದ ತಲೆ ಹೊರಹಾಕಿ ಇಣುಕಿ ನೋಡಿದ್ದಕ್ಕೆ, "ಬೇಕಾದ್ರೆ ಇದನ್ನೂ ಇಟ್ಕೋ!" ಎಂದು ಕೆಂಪು ಬೂಟೊಂದು ನೆತ್ತಿಯ ಮೇಲೆ ಬಿತ್ತು. ಚಕ್ರವರ್ತಿಯಲ್ಲದವನು ಕೆಂಪು ಬೂಟು ಮೆಟ್ಟಿದರೆ ರಾಜದ್ರೋಹ. ಅರ್ಜಿದಾರನು ಮೆಟ್ಟಿಲ್ಲ. ಅಳತೆಯೂ ಸರಿಹೋಗಲಿಲ್ಲ.

೫. ಝೋಟಿಕೋಸನನ್ನು ವಿಚಾರಿಸಲಾಯಿತು.

"ಇಳಿಸ್ಬೇಡ ಕಣೋ ಪರ್ದಾ. ನಿಕೇತಾಸ್ ಬಂದು ನಿನ್ನ ಕಣ್ಣು ಕೀಳಿಸ್ತಾನೆ."

"ಇಳಿಸ್ದೇ ಇದ್ರೆ?"

"ಮೇಲಿರೋ ಈವಯ್ಯ ಗೆದ್ರೆ ಇವ್ನು ಕೀಳಿಸ್ತಾನೆ. ಪಟ್ಟ ಕಳ್ಕೊಂಡು ಮೂಗು ಕೊಯ್ಸ್ಕೊಂಡು ಹೋದೋರೇ ವಾಪಸ್ ಬಂದು ಆಳಿದ್ದಾರಲ್ಲೋ ಈ ಊರಲ್ಲಿ!"

"ಮತ್ತೆ ನಾನೇನ್ ಮಾಡ್ಲಿ, ಸಾಯ್ಲಾ?"

"ಅರ್ಜಿ ಹಾಕು."

೬. ಅರ್ಜಿದಾರನು ನೆಲದಡಿಯವನಾದ್ದರಿಂದ ಎವ್‌ಸ್ತಾಥಿಯೋಸರ ಮುಖವನ್ನು ಇಂದೇ ಮೊದಲು ಕಂಡದ್ದು. ಆದರೆ ಅವರ ಭಾರ ಅವನಿಗೆ ಚೆನ್ನಾಗಿ ಗೊತ್ತು. ಉಪವಾಸದ ದಿನಗಳಲ್ಲಿ ಹಗುರ, ಈಸ್ಟರ್ ಕಳೆದರೆ ತೋಳು ಬಿದ್ದುಹೋಗುವಷ್ಟು ಭಾರ. ಮಹಾರಾಣಿ ತೀರಿಕೊಂಡ ವರ್ಷ ಈಸ್ಟರ್ ಕಳೆದರೂ ಹಗುರವಾಗಿಯೇ ಇದ್ದರು. ಅಯ್ಯೋ ಪಾಪ ಅನ್ನಿಸಿತ್ತು. ಈಗಲೂ ಅನ್ನಿಸುತ್ತಿದೆ ಮಹಾಸ್ವಾಮಿ. ಮೇಲಿನಿಂದ ಅಳು ಕೇಳುತ್ತಿದೆ, ನನ್ನ ಕೈ ರಾಟೆಯ ಹಿಡಿ ಬಿಡುತ್ತಿಲ್ಲ.

ಆದಕಾರಣ, ಬಿಳಿ ವಸ್ತ್ರವಿಲ್ಲದೆಯೇ ಸದರಿಯವರನ್ನು ಇಳಿಸಲು ಅಪ್ಪಣೆ ಕೊಡಬೇಕಾಗಿಯೂ, ಇಳಿದವರ ಕಣ್ಣು ಕೀಳಿಸದೆ, ತಲೆ ಬೋಳಿಸಿ ಯಾವುದಾದರೂ ಮಠಕ್ಕೆ ಕಳಿಸಬೇಕಾಗಿಯೂ, ಅರ್ಜಿದಾರನ ಕಣ್ಣುಗಳನ್ನು ಅವು ಇರುವಲ್ಲಿಯೇ ಬಿಡಬೇಕಾಗಿಯೂ ಪ್ರಾರ್ಥನೆ.

ತಮ್ಮಿಬ್ಬರಲ್ಲಿ ಗೆದ್ದವರ ವಿಶ್ವಾಸಿ,
ಪರ್ದೋಸ್

ಲಗತ್ತು: ಕೆಂಪು ಬೂಟು, ಎಡಗಾಲಿನದು. ಬಲಗಾಲಿನದು ಚಕ್ರವರ್ತಿಗಳ ಜೊತೆ ಮೇಲೆಯೇ ಇದೆ.

ವಿಶೇಷ ಸೂಚನೆ: ಪಟ್ಟಾಭಿಷೇಕವಾದ ಮೇಲೆ ಹೊಸ ಮಹಾಸ್ವಾಮಿಯವರೂ ಇದೇ ಸಿಂಹಾಸನದಲ್ಲಿ ಮೇಲೆ ಹೋಗತಕ್ಕವರು. ಎತ್ತುವುದಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ. ಇಳಿಸಲು ಮನಸ್ಸಿರುವ ಒಬ್ಬನನ್ನು ಕಣ್ಣುಸಹಿತ ಕೆಲಸದಲ್ಲಿ ಮುಂದುವರಿಸಬೇಕಾಗಿ ವಿನಂತಿ.