ಹೆಂಡತಿಯ ಕಾರಿಗೆ ನಾನು ವಹಿಸಿದ ಮುನ್ನೆಚ್ಚರಿಕೆ

ಹೆಂಡತಿಯ ಕಾರಿನ ಎಂಜಿನ್ನನ್ನು ಕಾಪಾಡಲು ಈ ಭೂಮಂಡಲದಲ್ಲಿ ನನ್ನೊಬ್ಬನಿಂದ ಮಾತ್ರ ಸಾಧ್ಯ ಎಂದು ಒಂದು ಶುಕ್ರವಾರ ತೀರ್ಮಾನಿಸಿದೆ. ನನ್ನ ಕೆಲಸ ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಸ್ಪಾನರಿಗೂ ನನಗೂ ಅಲ್ಲಿಯವರೆಗೆ ಮುಖಪರಿಚಯವೂ ಇರಲಿಲ್ಲ.

ಕಾರು ಇಪ್ಪತ್ತೆರಡು ವರ್ಷ ಹಳೆಯದು, ಎರಡೇ ಬಾಗಿಲಿನದು, ಓಟಕ್ಕೆಂದೇ ಹುಟ್ಟಿದ್ದು. ಸೇತುವೆಗಳ ತಪಾಸಣೆ ಮಾಡುವ ಎಂಜಿನಿಯರಾದ ನನ್ನವಳು ಭಾನುವಾರ ಬೆಳಿಗ್ಗೆ ಅದನ್ನು ಒಬ್ಬಳೇ ಹೆದ್ದಾರಿಗೆ ಒಯ್ದು, ಒಂದು ಗಂಟೆ ಓಡಿಸಿ, ಮದುವೆಯ ಹೊಸದರಲ್ಲಿದ್ದ ಮುಖ ಹೊತ್ತು ಹಿಂತಿರುಗುತ್ತಿದ್ದಳು.

ಆ ಮಾದರಿಯ ಎಂಜಿನ್ನಿನೊಳಗೆ ಒಂದು ಚೈನ್ ಇದೆ, ಅದನ್ನು ಬಿಗಿಯಾಗಿ ಹಿಡಿಯಲು ಒಂದು ಪ್ಲಾಸ್ಟಿಕ್ ಪಟ್ಟಿ ಇದೆ, ವಯಸ್ಸಾದರೆ ಆ ಪಟ್ಟಿ ಮುರಿಯುತ್ತದೆ, ಮುರಿದರೆ ಎಂಜಿನ್ ಹೋದಂತೆಯೇ ಎಂದು ಎಲ್ಲೋ ಓದಿದ್ದೆ. ಅವಳು ಮೂರು ದಿನದ ತಪಾಸಣೆಗೆ ಹೊರಟಿದ್ದೇ ತಡ, ತರಿಸಿಟ್ಟಿದ್ದ ಹೊಸ ಪಟ್ಟಿ ಹಿಡಿದು ಶೆಡ್ಡಿಗೆ ಇಳಿದೆ.

ಎರಡು ದಿನ ಹಿಡಿಯಿತು. ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಬೋಲ್ಟುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಕೆಳಗೂ ಅಂಕಿ ಬರೆದೆ. ಹೊರಗೆ ಬಂದ ಪಟ್ಟಿಯ ಮೇಲೆ ಒಂದು ಗೀರೂ ಇರಲಿಲ್ಲ. ಮುರಿಯುವ ಮೊದಲೇ ಹಿಡಿದೆನಲ್ಲ ಎಂದು ಬೆನ್ನು ತಟ್ಟಿಕೊಂಡೆ. ಹೊಸದನ್ನು ಕೂರಿಸಿ, ಎಲ್ಲ ಮುಚ್ಚಿ, ಕೀಲಿ ತಿರುಗಿಸಿದೆ. ಪಾತ್ರೆ ತುಂಬಿದ ಅಟ್ಟ ಕುಸಿದಂಥ ಸದ್ದು ಬಂತು. ಆಮೇಲೆ ಯಾವ ಸದ್ದೂ ಬರಲಿಲ್ಲ.

ಮೆಕ್ಯಾನಿಕ್ ಬಂದು, ಎಲ್ಲ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ.

“ಚೈನ್ ಕೂರಿಸುವಾಗ ಚಕ್ರದ ಮೂರು ಹಲ್ಲು ತಪ್ಪಿದೆ ಸಾರ್.”

“ಮೂರೇ ತಾನೆ?”

“ವಾಲ್ವುಗಳೆಲ್ಲ ಬಗ್ಗಿವೆ. ಪಿಸ್ಟನ್ ಒಡೆದಿದೆ. ಇದರ ಎಂಜಿನ್ ಈಗ ಎಲ್ಲೂ ಸಿಗಲ್ಲ.” ನಾನು ಬಿಚ್ಚಿಟ್ಟಿದ್ದ ಪಟ್ಟಿಯನ್ನು ಕೈಗೆತ್ತಿಕೊಂಡ. “ಇದನ್ನ ಯಾಕೆ ತೆಗೆದ್ರಿ?”

“ಹಳೇದು ಮುರಿಯುತ್ತಂತಲ್ಲಪ್ಪ.”

“ಇದು ಹಳೇದಲ್ಲ ಸಾರ್. ಮುರೀಬಾರದು ಅಂತಾನೇ ಆಮೇಲೆ ಬಂದ ಗಟ್ಟಿ ಪಟ್ಟಿ. ನಾಲ್ಕು ವರ್ಷದ ಹಿಂದೆ ಮೇಡಂ ನನ್ನ ಹತ್ರಾನೇ ಹಾಕಿಸಿದ್ರು.”

ಮರುದಿನ ಸಂಜೆ ಅವಳು ಬಂದಳು. ಹೇಳಿದ್ದನ್ನೆಲ್ಲ ಕೇಳಿದಳು. ಕೂಗಾಡಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಬದಲಾಯಿಸಿದೀನಿ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?” ಎಂದೆ, ಅರ್ಧ ತಪ್ಪನ್ನಾದರೂ ಅವಳ ಪಾಲಿಗೆ ಹಾಕುವ ಆಸೆಯಿಂದ.

“ಹೇಳಿದ್ದೆ. ಕರಡು ನೋಡ್ತಾ ಕೂತಿದ್ರಿ. ‘ಹೂಂ’ ಅಂದ್ರಿ.”

ಹದಿನೇಳು ವರ್ಷದ ಸಂಸಾರದಲ್ಲಿ ನಾನು ಅಂದ ‘ಹೂಂ’ಗಳೆಲ್ಲ ಒಟ್ಟಿಗೆ ನೆನಪಾದವು. ಆ ಕಾರಿನಲ್ಲಿ ಅವಳ ಪಕ್ಕ ಒಂದು ದಿನವೂ ನಾನು ಕೂತಿರಲಿಲ್ಲ.

ಗುಜರಿಯವರ ಲಾರಿ ಬಂದು ಕಾರನ್ನು ಎಳೆದುಕೊಂಡು ಹೋಯಿತು. ಮುಂದಿನ ಭಾನುವಾರ ಅವಳು ಚಹಾ ಹಿಡಿದು, ಖಾಲಿ ಶೆಡ್ಡಿಗೆ ಬೆನ್ನು ಮಾಡಿ ಕೂತಳು. ನೋಡಲಾಗಲಿಲ್ಲ. ಏನಾದರೂ ಒಳ್ಳೆಯದು ಮಾಡೋಣವೆಂದು, ಎರಡು ನಿಮಿಷ ಹಿಂದೆ ಓಡುತ್ತಿದ್ದ ಗೋಡೆ ಗಡಿಯಾರದ ಕೆಳಗೆ ಸದ್ದಿಲ್ಲದೆ ಕುರ್ಚಿ ಎಳೆದು, ಸ್ಕ್ರೂಡ್ರೈವರ್ ಹಿಡಿದು ಹತ್ತಿದೆ.

“ರೀ,” ಎಂದಳು ತಿರುಗದೆಯೇ. “ಇನ್ಮೇಲೆ ಈ ಮನೇಲಿ ಏನು ಬಿಚ್ಚೋದಿದ್ರೂ, ಮೊದಲು ಬಾಯಿ ಬಿಚ್ಚಿ.”